ಓದುಗರ ಪ್ರಶ್ನೆ: ಸೆಮಿಸ್ಟರಿಗೆ ನಾಲ್ಕೇ ಕೋರ್ಸು ಸಾಕೇ?

ಪ್ರಶ್ನೆ: ಮಗಳಿಗೆ ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಸೆಮಿಸ್ಟರಿಗೆ ನಾಲ್ಕೇ ಕೋರ್ಸಂತೆ. ಪಿಯುಸಿಯಲ್ಲೇ ಆರು ವಿಷಯ ಓದಿದವಳು. ಐದನೆಯದನ್ನೂ ತೆಗೆದುಕೊಳ್ಳಲಿ ಅನ್ನಿಸುತ್ತಿದೆ. — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲ ಸೆಮಿಸ್ಟರಿನಲ್ಲಿ ಖಂಡಿತ ಬೇಡ. ಅಲ್ಲಿ ಸಾಮಾನ್ಯವಾಗಿ ಒಂದು ಕೋರ್ಸಿಗೆ 4 ಕ್ರೆಡಿಟ್ (ಪದವಿಗಾಗಿ ಕೂಡಿಸುವ ಅಳತೆ), ನಾಲ್ಕಕ್ಕೆ 16. ಪದವಿಗೆ ಬೇಕಾದ್ದು 124. ಎಂಟು ಸೆಮಿಸ್ಟರಿಗೆ ಈ ಲೆಕ್ಕವೇ ಸಾಕು. ತರಗತಿಯಲ್ಲಿ ಕೂರುವ ಹೊತ್ತು ಕಡಿಮೆ, ನಿಜ. ಆದರೆ ಅಲ್ಲಿನ ಒಂದು ಗಂಟೆಗೆ ಹೊರಗೆ ಎರಡು-ಮೂರು ಗಂಟೆಯ ಓದು, ಬರಹ ಇದ್ದೇ ಇರುತ್ತದೆ. ಇತಿಹಾಸ, ಸಾಹಿತ್ಯದ ಕೋರ್ಸುಗಳಿಗೆ ಪ್ರತಿ ಸಲವೂ ಹತ್ತಾರು ಪುಟ ಓದಿಕೊಂಡೇ ಹೋಗಬೇಕು. ಹದಿನೈದಿಪ್ಪತ್ತು ಜನರ ತರಗತಿಯಲ್ಲಿ ಓದದೆ ಬಂದವರು ಬೇಗ ಸಿಕ್ಕಿಬೀಳುತ್ತಾರೆ. ಅನೇಕ ಕೋರ್ಸುಗಳಲ್ಲಿ ಚರ್ಚೆಗೂ ಅಂಕವಿದೆ, ಸುಮ್ಮನೆ ಕೂತರೆ ಅದು ಹೋಯಿತು.

ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಕೊನೆಯ ಪರೀಕ್ಷೆಯನ್ನು ನಂಬಿಕೊಂಡು. ಅಲ್ಲಿ ಗ್ರೇಡು ಪ್ರಬಂಧ, ಕ್ವಿಜ್, ಲ್ಯಾಬ್ ವರದಿ ಎಂದು ಸೆಮಿಸ್ಟರಿನುದ್ದಕ್ಕೂ ಹಂಚಿಹೋಗಿರುತ್ತದೆ. ಮೊದಲ ತಿಂಗಳು ಸಡಿಲ ಬಿಟ್ಟರೆ ಕೊನೆಯಲ್ಲಿ ನಿದ್ದೆಗೆಟ್ಟರೂ ತುಂಬಿಕೊಳ್ಳುವುದು ಕಷ್ಟ. ಮೊದಲ ವಾರವೇ ನಾಲ್ಕೂ ಸಿಲಬಸ್ ಮುಂದಿಟ್ಟುಕೊಂಡು ಎಲ್ಲ ಗಡುವುಗಳನ್ನು ಒಂದೇ ಕ್ಯಾಲೆಂಡರಿಗೆ ಇಳಿಸಲಿ. ಒಂದೇ ವಾರಕ್ಕೆ ಎರಡು ಪ್ರಬಂಧ ಬಿದ್ದಲ್ಲಿ ಕೆಂಪು ಗುರುತು ಹಾಕಿ, ಒಂದನ್ನು ಹತ್ತು ದಿನ ಮೊದಲೇ ಶುರು ಮಾಡಲಿ. ಲ್ಯಾಬ್ ಇರುವ ಕೋರ್ಸು ಒಂದು, ಹೆಚ್ಚೆಂದರೆ ಎರಡು ಸಾಕು. ಒಂದೊಂದು ಲ್ಯಾಬೂ ಒಂದು ಮಧ್ಯಾಹ್ನವನ್ನೇ ತಿನ್ನುತ್ತದೆ.

ಗ್ರಿನೆಲ್‌ನಲ್ಲಿ ಎಲ್ಲರಿಗೂ ಕಡ್ಡಾಯವಾದ ಕೋರ್ಸು ಒಂದೇ, ಮೊದಲ ವರ್ಷದ ಟ್ಯುಟೋರಿಯಲ್, ಅಂದರೆ ಬರಹ, ಚರ್ಚೆ ಕಲಿಸುವ ಪುಟ್ಟ ತರಗತಿ. ಮೇಜರ್ (ಪದವಿಯ ಮುಖ್ಯ ವಿಷಯ) ಘೋಷಿಸುವವರೆಗೆ ಅದರ ಅಧ್ಯಾಪಕರೇ ಸಲಹೆಗಾರರು. ಆದ್ದರಿಂದ ಟ್ಯುಟೋರಿಯಲ್ ಆರಿಸುವಾಗ ವಿಷಯದ ಜೊತೆಗೆ ಕಲಿಸುವವರು ಯಾರೆಂದೂ ನೋಡಿಕೊಳ್ಳಲಿ.

ಪ್ರಶ್ನೆ: ಕೆಮಿಸ್ಟ್ರಿ ಕೈಕೊಡುತ್ತಿದೆ, ಅರ್ಥಶಾಸ್ತ್ರವೂ ಅಷ್ಟಕ್ಕಷ್ಟೇ. ನಾಲ್ಕರಲ್ಲಿ ಎರಡು ಕೋರ್ಸು ಬಿಟ್ಟುಬಿಡಲೇ? — ವಿದ್ಯಾರ್ಥಿ, ಮೂಲ ಊರು ಧಾರವಾಡ

ಉತ್ತರ: ನಿಲ್ಲಿ, ಇಂದು ಏನನ್ನೂ ಬಿಡಬೇಡಿ. ಎಫ್-1 ಎಂಬ ಅಮೆರಿಕದ ವಿದ್ಯಾರ್ಥಿ ವೀಸಾದಲ್ಲಿರುವ ಪದವಿ ವಿದ್ಯಾರ್ಥಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಉಳಿಸಿಕೊಳ್ಳಬೇಕು. ಕೋರ್ಸಿಗೆ 4 ಕ್ರೆಡಿಟ್ ಇದ್ದರೆ ಒಂದನ್ನು ಬಿಟ್ಟಾಗ 12 ಉಳಿಯುತ್ತದೆ, ತೊಂದರೆಯಿಲ್ಲ. ಎರಡು ಬಿಟ್ಟರೆ 8ಕ್ಕೆ ಇಳಿದು ನಿಮ್ಮ ಸ್ಟೇಟಸ್‌ಗೇ, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿ ಉಳಿಯುವ ಅರ್ಹತೆಗೇ ಕುತ್ತು. ಅದರಲ್ಲಿ ಆನ್‌ಲೈನ್ ಕೋರ್ಸಿದ್ದರೆ ಇನ್ನೂ ಎಚ್ಚರ ಬೇಕು: ಈ 12ರ ಲೆಕ್ಕಕ್ಕೆ ಒಂದೇ ಆನ್‌ಲೈನ್ ತರಗತಿ, ಅದೂ 3 ಕ್ರೆಡಿಟ್‌ವರೆಗೆ ಮಾತ್ರ ಸೇರುತ್ತದೆ.

ನಿಯಮದಲ್ಲಿ ವಿನಾಯಿತಿ ಇದೆ. ಅಮೆರಿಕದ ಬೋಧನಾ ಕ್ರಮ ಹೊಸದು, ಓದಿನ ಹೊರೆ ತಡೆಯಲಾಗುತ್ತಿಲ್ಲ, ತಪ್ಪು ಮಟ್ಟದ ಕೋರ್ಸಿಗೆ ಸೇರಿದ್ದಾಗಿದೆ ಎಂಬಂಥ ಕಾರಣಗಳಿಗೆ ಹೊರೆ ಇಳಿಸಿಕೊಳ್ಳಬಹುದು. ಆಗಲೂ ಕನಿಷ್ಠ 6 ಕ್ರೆಡಿಟ್ ಇರಬೇಕು, ಮುಂದಿನ ಅವಧಿಗೆ ಮತ್ತೆ ಪೂರ್ತಿ ಹೊರೆ ಹೊರಬೇಕು. ಒಂದೇ ಪದವಿ ಹಂತದಲ್ಲಿ ಇಂಥ ಕಾರಣಕ್ಕೆ ವಿನಾಯಿತಿ ಎರಡನೇ ಸಲ ಸಿಗುವುದಿಲ್ಲ. ಕಾಯಿಲೆಯಾದರೆ ಬೇರೆ ದಾರಿಯಿದೆ, ವೈದ್ಯರ ಪತ್ರ ಬೇಕು. ಯಾವ ದಾರಿಯಾದರೂ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಅಧಿಕಾರಿ ಮೊದಲು ಒಪ್ಪಿಗೆ ದಾಖಲಿಸಬೇಕು, ಆಮೇಲೆ ಕೋರ್ಸು ಬಿಡಬೇಕು. ಈ ಕ್ರಮ ತಲೆಕೆಳಗಾದರೆ ಕಾರಣ ಎಷ್ಟೇ ನ್ಯಾಯವಾಗಿದ್ದರೂ ಸರಿಪಡಿಸುವುದು ಬಹಳ ಕಷ್ಟ. ಅಧಿಕಾರಿಯ ಬಳಿ ಹೋಗುವ ಮೊದಲು ಎರಡೂ ಕೋರ್ಸಿನ ಅಧ್ಯಾಪಕರನ್ನು ಆಫೀಸ್ ಅವರ್ಸ್‌ನಲ್ಲಿ (ವಿದ್ಯಾರ್ಥಿಗಳ ಭೇಟಿಗೆಂದೇ ಇಟ್ಟ ಹೊತ್ತು) ಕಂಡು, ಈವರೆಗಿನ ಅಂಕ ತೋರಿಸಿ, ಪಾಸಾಗಲು ಇನ್ನೆಷ್ಟು ಬೇಕೆಂದು ಕೇಳಿ. ಎಷ್ಟೋ ಸಲ ಒಂದನ್ನು ಬಿಟ್ಟರೇ ಇನ್ನೊಂದು ಚೇತರಿಸಿಕೊಳ್ಳುತ್ತದೆ.

ಪ್ರಶ್ನೆ: ಪುಸ್ತಕದ ವಾಕ್ಯವನ್ನು ಸ್ವಲ್ಪ ಬದಲಿಸಿ ಬರೆದರೂ ಕೃತಿಚೌರ್ಯವೇ? — ಓದುಗರು, ಮೈಸೂರು

ಉತ್ತರ: ಹೌದು, ಮೂಲ ಹೇಳದಿದ್ದರಂತೂ ಖಂಡಿತ. ಗೈಡಿನ ಮಾತನ್ನು ಹಾಗೇ ಬರೆದು ಅಂಕ ಗಳಿಸಿದ ಅಭ್ಯಾಸ ಅಮೆರಿಕದ ಕಾಲೇಜಿನಲ್ಲಿ ಶಿಸ್ತು ಸಮಿತಿಯ ಮುಂದೆ ನಿಲ್ಲಿಸುತ್ತದೆ. ಓದುವಾಗಲೇ ಪುಟ ಸಂಖ್ಯೆ ಸಮೇತ ಟಿಪ್ಪಣಿ ಮಾಡಿಕೊಳ್ಳಿ, ಬರೆಯುವಾಗ ಪುಸ್ತಕ ಮುಚ್ಚಿಡಿ. ಒಂದೇ ಪ್ರಬಂಧವನ್ನು ಅನುಮತಿಯಿಲ್ಲದೆ ಎರಡು ಕೋರ್ಸಿಗೆ ಕೊಡುವುದೂ ತಪ್ಪೇ. ಎಐ ಬಳಕೆಯ ನಿಯಮ ಕೋರ್ಸಿನಿಂದ ಕೋರ್ಸಿಗೆ ಬೇರೆ. ಸಿಲಬಸ್‌ನಲ್ಲಿ ಇಲ್ಲದಿದ್ದರೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.