ಒಂದೇ ವಾಲ್ವ್, ಎರಡು ಕೆಲಸ, ಅರ್ಧ ಡಯಲ್ ಮೌನ

ಪ್ರಶ್ನೆ: 1930ರ ದಶಕದ ಆರಂಭದ ಒಂದು ಸೂಪರ್‌ಹೆಟ್ ರೇಡಿಯೊ (ಬಂದ ಸಿಗ್ನಲನ್ನು ಒಂದು ನಿಗದಿತ ಫ್ರೀಕ್ವೆನ್ಸಿಗೆ ಬದಲಿಸಿಕೊಳ್ಳುವ ಸೆಟ್) ರಿಪೇರಿ ಮಾಡುತ್ತಿದ್ದೇನೆ. ಆ ನಿಗದಿತ ಫ್ರೀಕ್ವೆನ್ಸಿ, ಅಂದರೆ ಐ.ಎಫ್., 175 ಕಿಲೋಹರ್ಟ್ಸ್. ಸರ್ಕಿಟ್ ಚಿತ್ರದಲ್ಲಿ ಸಿಗ್ನಲ್ ಬೆರೆಸುವ ಮಿಕ್ಸರ್ ಜಾಗದಲ್ಲಿ ಒಂದು 24ಎ ವಾಲ್ವ್ (ವ್ಯಾಕ್ಯೂಮ್ ಟ್ಯೂಬ್) ಇದೆ, ಬೆರೆಸಲು ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸುವ ಆಸಿಲೇಟರ್ ವಾಲ್ವ್ ಕಾಣುತ್ತಲೇ ಇಲ್ಲ. ಚಿತ್ರ ತಪ್ಪಾಗಿದೆಯೇ? ಇನ್ನೊಂದು ತೊಂದರೆ: ಮುಳ್ಳು 900 ಕಿಲೋಹರ್ಟ್ಸ್‌ಗಿಂತ ಕೆಳಗೆ ಬಂದರೆ ರೇಡಿಯೊ ಪೂರ್ತಿ ಸುಮ್ಮನಾಗುತ್ತದೆ. ಅದರ ಮೇಲೆ ಸ್ಟೇಷನ್‌ಗಳು ಚೆನ್ನಾಗಿಯೇ ಬರುತ್ತವೆ.

ಉತ್ತರ: ಚಿತ್ರ ಸರಿಯಾಗಿದೆ. ಆ 24ಎ ವಾಲ್ವೇ ಆಸಿಲೇಟರ್, ಅದೇ ಮಿಕ್ಸರ್. ಇದನ್ನು ಆಟೋಡೈನ್ ಎನ್ನುತ್ತಾರೆ. ನಿಮ್ಮ ಎರಡನೆಯ ತೊಂದರೆಯ ಬೇರೂ ಬಹುಶಃ ಇಲ್ಲೇ ಇದೆ.

ಏರಿಯಲ್ ಕಡೆಯ ಸಿಗ್ನಲ್ ವಾಲ್ವಿನೊಳಗೆ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್‌ಗೆ ಬರುತ್ತದೆ. ಪ್ಲೇಟ್ (ವಾಲ್ವಿನ ಔಟ್‌ಪುಟ್ ತುದಿ) ಕರೆಂಟಿನ ಒಂದು ಪಾಲು ಕಾಯಿಲ್‌ಗಳ ಮೂಲಕ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡಿಸುವ ತುದಿ) ಕಡೆಗೆ ವಾಪಸ್ಸಾಗಿ ವಾಲ್ವನ್ನು ಆಸಿಲೇಟ್ ಮಾಡಿಸುತ್ತದೆ. ನೀವು 1000ಕ್ಕೆ ಟ್ಯೂನ್ ಮಾಡಿದಾಗ ವಾಲ್ವ್ 1175ರಲ್ಲಿ ಆಸಿಲೇಟ್ ಆಗುತ್ತಿರುತ್ತದೆ. ಎರಡೂ ಬೆರೆತು, ವ್ಯತ್ಯಾಸವಾದ 175 ಮುಂದಿನ ಹಂತಕ್ಕೆ ಹೋಗುತ್ತದೆ.

ಈ ಜಾಣತನ ಇನ್ನೂ ಹಳೆಯದು. ಅಮೆರಿಕದ ಎಂಜಿನಿಯರ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಸೂಪರ್‌ಹೆಟ್ ರೂಪಿಸಿದ ಮೇಲೆ ವಾಲ್ವ್ ಉಳಿಸುವುದೇ ಎಲ್ಲರ ಚಿಂತೆ. ಆದರೆ ಆಗಿನ ಐ.ಎಫ್. ತೀರಾ ಕಡಿಮೆ. ಅದು 45 ಎಂದುಕೊಳ್ಳಿ. ಸ್ಟೇಷನ್ 1000, ಆಸಿಲೇಟರ್ 1045. ಎರಡು ಟ್ಯೂನಿಂಗ್‌ಗಳೂ ಇಷ್ಟು ಹತ್ತಿರ ಇದ್ದರೆ ಒಂದನ್ನು ಮುಟ್ಟಿದರೆ ಇನ್ನೊಂದು ಜರುಗುತ್ತದೆ. ಆರ್ಮ್‌ಸ್ಟ್ರಾಂಗ್ ಜೊತೆಗಿದ್ದ ಹ್ಯಾರಿ ಹೌಕ್ ಒಂದು ಉಪಾಯ ಮಾಡಿದರು. ಆಸಿಲೇಟರನ್ನು ಅರ್ಧ ಫ್ರೀಕ್ವೆನ್ಸಿಯಲ್ಲಿ, ಅಂದರೆ 522.5ರಲ್ಲಿ ಓಡಿಸಿ, ಅದರ ಎರಡನೇ ಹಾರ್ಮೋನಿಕ್, ಅಂದರೆ ಎರಡು ಪಟ್ಟಿನ 1045, ಬಳಸಿದರು. ನನಗಂತೂ ಇದು ಆ ಕಾಲದ ಅತ್ಯಂತ ಸೊಗಸಾದ ತಂತ್ರ. ನಿಮ್ಮ ಸೆಟ್ಟಿಗೆ ಅದು ಬೇಕಿಲ್ಲ, 175ರ ಅಂತರ ಸಾಕು.

ಈಗ ನಿಮ್ಮ ಮೌನ ಡಯಲ್. ಚೆನ್ನಾಗಿ ಬೆರೆಸಬೇಕಾದರೆ ವಾಲ್ವಿಗೆ ಬಯಾಸ್ (ಗ್ರಿಡ್ ಮೇಲಿನ ನೆಗೆಟಿವ್ ವೋಲ್ಟೇಜ್) ಜಾಸ್ತಿ ಇರಬೇಕು. ಸಲೀಸಾಗಿ ಆಸಿಲೇಟ್ ಆಗಬೇಕಾದರೆ ಕಡಿಮೆ ಇರಬೇಕು. ಈ ಬಯಾಸ್ ನಿರ್ಧರಿಸುವ ಕ್ಯಾಥೋಡ್ ರೆಸಿಸ್ಟರ್ ಎರಡರ ನಡುವೆ ರಾಜಿ ಮಾಡಿಸುತ್ತದೆ. ಹಳೆಯ ಕಾರ್ಬನ್ ರೆಸಿಸ್ಟರ್ ವಯಸ್ಸಾದಂತೆ ಓಮ್ಸ್ ಏರಿಸಿಕೊಳ್ಳುತ್ತದೆ, ವಾಲ್ವೂ ಸೊರಗುತ್ತದೆ. ರಾಜಿ ಮುರಿದು ಆಸಿಲೇಷನ್ ನಿಲ್ಲುತ್ತದೆ. ಅದು ಮೊದಲು ನಿಲ್ಲುವುದು ಡಯಲಿನ ಕೆಳ ತುದಿಯಲ್ಲೇ. ಅಲ್ಲಿ ಟ್ಯೂನಿಂಗ್ ಮಾಡುವ ಗ್ಯಾಂಗ್ ಕಂಡೆನ್ಸರ್ ಪೂರ್ತಿ ಮುಚ್ಚಿರುತ್ತದೆ, ಫೀಡ್‌ಬ್ಯಾಕ್ ದುರ್ಬಲವಾಗಿರುತ್ತದೆ.

ಬಿಚ್ಚುವ ಮೊದಲು ಖಚಿತ ಮಾಡಿಕೊಳ್ಳಿ. ಚೆನ್ನಾಗಿರುವ ಇನ್ನೊಂದು ಎ.ಎಂ. ರೇಡಿಯೊ ಪಕ್ಕದಲ್ಲಿಟ್ಟು 1175ರ ಹತ್ತಿರದ ಸ್ಟೇಷನ್ ಹಿಡಿಯಿರಿ. ನಿಮ್ಮ ಸೆಟ್ಟಿನ ಮುಳ್ಳನ್ನು 1000ರ ಆಸುಪಾಸಿನಲ್ಲಿ ನಿಧಾನ ಆಡಿಸಿದರೆ ಆ ರೇಡಿಯೊದಲ್ಲಿ ಸೀಟಿ ಕೇಳಬೇಕು. ಈಗ ಆ ಇನ್ನೊಂದು ರೇಡಿಯೊವನ್ನು 875ರ ಹತ್ತಿರದ ಸ್ಟೇಷನ್‌ಗೆ ಇಟ್ಟು, ನಿಮ್ಮದನ್ನು 700ರ ಬಳಿ ಆಡಿಸಿ. ಸೀಟಿ ಇಲ್ಲವೇ? ಆಸಿಲೇಟರ್ ಸತ್ತಿದೆ. (ಅಕ್ಕಪಕ್ಕದ ಮನೆಯ ರೇಡಿಯೊಗಳಿಗೆ ಈ ಸೀಟಿ ಹೋಗುತ್ತಿದ್ದುದೇ ಆಟೋಡೈನ್‌ನ ಕೆಟ್ಟ ಹೆಸರಿಗೆ ಒಂದು ಕಾರಣ.)

ಪ್ಲಗ್ ಕಿತ್ತು, ಫಿಲ್ಟರ್ ಕಂಡೆನ್ಸರ್‌ಗಳನ್ನು ಡಿಸ್ಚಾರ್ಜ್ ಮಾಡಿ. ಸುಮ್ನೆ ಕೈ ಹಾಕಬೇಡಿ, ಒಳಗೆ 200 ವೋಲ್ಟಿಗಿಂತ ಜಾಸ್ತಿ ಇರುತ್ತದೆ. ಕ್ಯಾಥೋಡ್ ರೆಸಿಸ್ಟರಿನ ಒಂದು ಕಾಲು ಬಿಡಿಸಿ ಅಳೆಯಿರಿ. ಚಿತ್ರದಲ್ಲಿರುವುದಕ್ಕಿಂತ ತುಂಬಾ ಏರಿದ್ದರೆ ಚಿತ್ರದಲ್ಲಿರುವಷ್ಟೇ ಓಮ್ಸ್‌ನ ಹೊಸದು ಹಾಕಿ. ಓಮ್ಸನ್ನು ನಿಮ್ಮಿಷ್ಟಕ್ಕೆ ಇಳಿಸಬೇಡಿ. ಆಸಿಲೇಷನ್ ಜೋರಾಗುತ್ತದೆ, ಆದರೆ ಮಿಕ್ಸಿಂಗ್ ಕೆಡುತ್ತದೆ. ಹೊಸದು ಹಾಕಿದ ಮೇಲೂ 550ರ ಹತ್ತಿರ ನಿಂತುಹೋದರೆ ಬೇರೆ 24ಎ ಹಾಕಿ ನೋಡಿ. ಟೆಸ್ಟರ್‌ನಲ್ಲಿ ಪಾಸಾದ ವಾಲ್ವ್ ಕೂಡ ಈ ಜಾಗದಲ್ಲಿ ಮುಷ್ಕರ ಹೂಡುವುದುಂಟು.