ಪ್ರಯಾಣ ಪ್ರಶ್ನೋತ್ತರ: ಬ್ಯಾಗಿಗೂ ಬೇರೆ ದುಡ್ಡಾ?

ಹೋದ ಸಲ ವಿಮಾನದ ಲಗೇಜ್ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಅದರದ್ದೇ. ಹಾಗಾಗಿ ಈ ಸಂಚಿಕೆಯ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು 22 ವರ್ಷ ಒಂದು ವಿಮಾನ ಕಂಪನಿಯ ಚೆಕ್-ಇನ್ ಕೌಂಟರಿನಲ್ಲಿ ಕೆಲಸ ಮಾಡಿದವಳು. ಬ್ಯಾಗಿಗೆ ದುಡ್ಡು ಕೇಳಿದ್ದೇನೆ. ನಿವೃತ್ತಿಯಾದ ಮೇಲೆ ನಾನೇ ಕೊಟ್ಟೂ ಇದ್ದೇನೆ.

ಪ್ರಶ್ನೆ: ಮೇಡಂ, ಎಲ್ಲಕ್ಕಿಂತ ಕಡಿಮೆ ದರ ಅಂತ ನೋಡಿ ಟಿಕೆಟ್ ತೆಗೆದೆವು. ಮೂರು ಜನರ ಮೂರು ಬ್ಯಾಗ್ ಸೇರಿಸಿದಾಗ, ದುಬಾರಿ ಅಂತ ಬಿಟ್ಟಿದ್ದ ಇನ್ನೊಂದು ವಿಮಾನಕ್ಕಿಂತ ಜಾಸ್ತಿಯಾಯಿತು. ಅದರಲ್ಲಿ ಬ್ಯಾಗ್ ಟಿಕೆಟಿನೊಳಗೇ ಇತ್ತು. ಇದು ಮೋಸ ಅಲ್ವಾ? ಮೊದಲೆಲ್ಲ ಹೀಗಿರಲಿಲ್ಲವಲ್ಲ?

ಇರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ತೂಕ ಮಿತಿ ಮೀರಿದರೆ ಮಾತ್ರ ದುಡ್ಡು. ಮಿತಿಯೊಳಗಿನ ಬ್ಯಾಗಿಗೆ ಚೀಟಿ ಅಂಟಿಸಿ ಬೆಲ್ಟಿನ ಮೇಲೆ ಕಳಿಸುತ್ತಿದ್ದೆವು, ಅಷ್ಟೇ. ಯುರೋಪಿನಲ್ಲಿ ರಯಾನ್‌ಏರ್ 2006ರಲ್ಲಿ ಚೆಕ್-ಇನ್ ಬ್ಯಾಗಿಗೆ ಬೇರೆ ದುಡ್ಡು ಶುರು ಮಾಡಿತು. ಆದರೆ ಬಹಳಷ್ಟು ಕಂಪನಿಗಳು ಆ ದಾರಿ ಹಿಡಿದದ್ದು 2008ರಿಂದ. ಆ ವರ್ಷ ಕಚ್ಚಾ ತೈಲ ಏರುತ್ತಾ ಹೋಗಿ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಅದಕ್ಕೂ ಮೊದಲೇ, ಮೇ ತಿಂಗಳಲ್ಲಿ, ಅಮೆರಿಕನ್ ಏರ್‌ಲೈನ್ಸ್ ಮೊದಲ ಬ್ಯಾಗಿಗೇ 15 ಡಾಲರ್ ಎಂದು ಸಾರಿತ್ತು. ಉಳಿದ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಹಿಂದೆಯೇ ಬಂದವು.

ಆಗ ಕೊಟ್ಟ ಕಾರಣ ಇಂಧನ. ಅದರಲ್ಲಿ ಸುಳ್ಳಿಲ್ಲ, ವಿಮಾನದ ತೂಕ ಹೆಚ್ಚಿದಷ್ಟೂ ಇಂಧನ ಹೆಚ್ಚು ಉರಿಯುತ್ತದೆ. ಆದರೆ ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ತೈಲದ ಬೆಲೆ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬಿತ್ತು. ಬ್ಯಾಗಿನ ಶುಲ್ಕ ಇಳಿಯಲಿಲ್ಲ. ಯಾಕೆ ಇಳಿಸುತ್ತಾರೆ ಹೇಳಿ? 2023ರಲ್ಲಿ ಅಮೆರಿಕದ ಕಂಪನಿಗಳಿಗೆ ಬರೀ ಬ್ಯಾಗ್ ಶುಲ್ಕದಿಂದಲೇ 700 ಕೋಟಿ ಡಾಲರ್‌ಗೂ ಹೆಚ್ಚು ಬಂದಿದೆ. ಅಲ್ಲಿ ಇನ್ನೊಂದು ಲೆಕ್ಕವೂ ಇದೆ. ದೇಶದೊಳಗಿನ ಟಿಕೆಟ್ ದರದ ಮೇಲೆ 7.5% ತೆರಿಗೆ ಬೀಳುತ್ತದೆ, ಬ್ಯಾಗ್ ಶುಲ್ಕಕ್ಕೆ ಆ ತೆರಿಗೆ ಇಲ್ಲ. ಅದೇ ಹಣವನ್ನು ಟಿಕೆಟಿನಿಂದ ತೆಗೆದು ಬ್ಯಾಗಿಗೆ ಹಾಕಿದರೆ ಕಂಪನಿಗೆ ಉಳಿತಾಯ. ಎರಡು ಬ್ಯಾಗ್ ಉಚಿತ ಅಂತಲೇ ಹೆಸರು ಮಾಡಿದ್ದ ಸೌತ್‌ವೆಸ್ಟ್ ಕೂಡ 2025ರ ಮೇ 28ರಿಂದ ದುಡ್ಡು ತೆಗೆದುಕೊಳ್ಳಲು ಶುರು ಮಾಡಿತು. ಅಂದು ನನಗೆ ನಿಜಕ್ಕೂ ಬೇಜಾರಾಯಿತು.

ಮೋಸವೇ ಅಂತ ಕೇಳಿದ್ದೀರಿ. ಶುಲ್ಕ ಇರುವುದೇ ಮೋಸ ಅಂತ ನಾನು ಹೇಳುವುದಿಲ್ಲ. ಭುಜಕ್ಕೊಂದು ಚೀಲ ನೇತುಹಾಕಿಕೊಂಡು ಹೋಗುವ ಹುಡುಗ ನನ್ನ ಎರಡು ಸೂಟ್‌ಕೇಸಿನ ಖರ್ಚು ಯಾಕೆ ಹೊರಬೇಕು? ತಪ್ಪಿರುವುದು ಅದನ್ನು ಹೇಳುವ ಹೊತ್ತಿನಲ್ಲಿ. ದಿನ ಆರಿಸಿ, ಹೆಸರು ತುಂಬಿ, ಮನಸ್ಸು ಹೋಗಿಯೇ ಬಿಟ್ಟಿದೆ ಅನ್ನುವಾಗ ಬ್ಯಾಗಿನ ಪುಟ ತೆರೆಯುತ್ತದೆ. ಅಲ್ಲಿಂದ ಯಾರೂ ವಾಪಸ್ ಬರುವುದಿಲ್ಲ. ಬ್ಯಾಗಿಗೆ ಎಷ್ಟು ಅನ್ನುವುದು ಮೊದಲ ಪುಟದಲ್ಲೇ, ದರದ ಪಕ್ಕದಲ್ಲೇ ಕಾಣಬೇಕು. ನನ್ನ ಮುಖ್ಯ ತಕರಾರು ಇದೇ.

ಅದು ಸರಿಯಾಗುವ ತನಕ ನೀವು ಹೀಗೆ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ನೋಡುತ್ತಿರುವ ಎರಡೂ ವಿಮಾನಗಳಲ್ಲಿ ದುಡ್ಡು ಕಟ್ಟುವ ಹಿಂದಿನ ಪುಟದವರೆಗೂ ಹೋಗಿ. ಹೋಗುವ ಬ್ಯಾಗ್, ಬರುವ ಬ್ಯಾಗ್, ಸೀಟು ಎಲ್ಲ ಸೇರಿಸಿ ಬರುವ ಕೊನೆಯ ಮೊತ್ತ ಬರೆದುಕೊಳ್ಳಿ. ಆ ಎರಡು ಮೊತ್ತವನ್ನು ಹೋಲಿಸಿ, ಮೊದಲ ಪುಟದ ದರವನ್ನಲ್ಲ. ಬ್ಯಾಗ್ ಬೇಕೇಬೇಕು ಅಂತ ಗೊತ್ತಿದ್ದರೆ ಮೊದಲೇ ಸೇರಿಸಿಬಿಡಿ. ಹೆಚ್ಚಿನ ಕಂಪನಿಗಳಲ್ಲಿ ಕೌಂಟರಿನಲ್ಲಿ ಅದಕ್ಕಿಂತ ಜಾಸ್ತಿ, ಗೇಟಿನಲ್ಲಿ ಇನ್ನೂ ಜಾಸ್ತಿ.

ಪ್ರಶ್ನೆ: ಅಕ್ಕ, ಅಪ್ಪನನ್ನು ಕರೆದುಕೊಂಡು ಹೊರಟಿದ್ದೆ. ಬ್ಯಾಗ್ 3 ಕಿಲೋ ಜಾಸ್ತಿ ಬಂತು. ಎಲ್ಲರೆದುರು ನೆಲದ ಮೇಲೆ ಬಿಚ್ಚಿ ತೆಗೆಯಬೇಕಾಯಿತು. ಅಪ್ಪ ಇಡೀ ದಾರಿ ಒಂದು ಮಾತೂ ಆಡಲಿಲ್ಲ. ದುಡ್ಡಿಗಿಂತ ಅದೇ ನೋವು.

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ತಂಗಿ. ಯಾಕಂದರೆ ನಾನು ಆ ಕೌಂಟರಿನ ಆಚೆ ಕಡೆ ಇದ್ದವಳು.

ಒಬ್ಬರು ವಯಸ್ಸಾದವರು, ಮರಗೆಲಸ ಮಾಡಿದ ಕೈ. ಮಿತಿ 23 ಕಿಲೋ, ಅವರ ಬ್ಯಾಗ್ 26. ದುಡ್ಡು ಕಟ್ಟಿ, ಇಲ್ಲಾಂದ್ರೆ ತೆಗೆಯಿರಿ ಅಂದೆ. ಅವರು ಮೊಣಕಾಲೂರಿ ಕೂತು ಜಿಪ್ ಎಳೆದರು. ಮೇಲೆ ಇಸ್ತ್ರಿ ಮಾಡಿದ ಅಂಗಿಗಳು. ಕೆಳಗೆ ಹಳೇ ಪತ್ರಿಕೆಯಲ್ಲಿ ಸುತ್ತಿದ ಉಜ್ಜುಗೊರಡು, ಎರಡು ಉಳಿ, ಒಂದು ಸುತ್ತಿಗೆ. ಭಾರ ಇದ್ದದ್ದು ಅವುಗಳಲ್ಲೇ. ಆದರೆ ಉಳಿ, ಸುತ್ತಿಗೆಯನ್ನು ಕ್ಯಾಬಿನ್ನಿಗೆ ಒಯ್ಯುವ ಹಾಗಿಲ್ಲ. ಹಾಗಾಗಿ ಅವರು ಬಟ್ಟೆ ತೆಗೆಯಬೇಕಾಯಿತು. 3 ಕಿಲೋ ಬಟ್ಟೆ ಅಂದರೆ ಒಂದು ರಾಶಿ. ಒಂದೊಂದೇ ಅಂಗಿಯ ಮಡಿಕೆ ಮುರಿಯದ ಹಾಗೆ ತೆಗೆದು ತೊಡೆಯ ಮೇಲೆ ಇಡುತ್ತಿದ್ದರು. ನಡುನಡುವೆ ತಲೆ ಎತ್ತಿ "ಈಗ ಎಷ್ಟಿದೆ ಅಮ್ಮಾ?" ಅಂತ ಕೇಳುತ್ತಿದ್ದರು. ತೂಕದ ಅಂಕಿ ಕಾಣುತ್ತಿದ್ದದ್ದು ನನಗೆ ಮಾತ್ರ. ಹಿಂದೆ ಸಾಲು ಬೆಳೆದಿತ್ತು. ನಾನು "ಬೇಗ ಮಾಡಿ ಸರ್" ಅಂದೆ. ನಿಯಮ ಪಾಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಆ "ಬೇಗ" ಅಂದದ್ದಕ್ಕೆ ಇವತ್ತಿಗೂ ಇದೆ.

ನಿಮ್ಮ ಅಪ್ಪನಿಗೆ ನನ್ನ ಪರವಾಗಿ ಹೇಳಿ, 3 ಕಿಲೋ ಜಾಸ್ತಿ ಬರುವುದು ತೀರಾ ಸಾಮಾನ್ಯ. ಸಾಲಿನಲ್ಲಿ ನಿಂತವರು ಅವರನ್ನು ನೋಡುತ್ತಿರಲಿಲ್ಲ, ತಮ್ಮ ಬ್ಯಾಗಿನ ಬಗ್ಗೆ ಹೆದರುತ್ತಿದ್ದರು. ಅದನ್ನು ನಾನು ದಿನಾ ಕಂಡಿದ್ದೇನೆ.

ಮುಂದಿನ ಸಲಕ್ಕೆ, ತೂಕ ಮನೆಯಲ್ಲೇ ಗೊತ್ತಾಗಲಿ. ಕೊಕ್ಕೆ ಇರುವ ಪುಟ್ಟ ಡಿಜಿಟಲ್ ತಕ್ಕಡಿ ಸಿಗುತ್ತದೆ, ಹಿಡಿಗೆ ಸಿಕ್ಕಿಸಿ ಎತ್ತಿದರೆ ಆಯಿತು. ಅದಿಲ್ಲದಿದ್ದರೆ ಮೈತೂಕ ನೋಡುವ ಯಂತ್ರದ ಮೇಲೆ ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ಬ್ಯಾಗ್ ಎತ್ತಿಕೊಂಡು ನಿಲ್ಲಿ, ಕಳೆಯಿರಿ. ಖಾಲಿ ಬ್ಯಾಗನ್ನೂ ಒಮ್ಮೆ ತೂಗಿ ನೋಡಿ. ದೊಡ್ಡ ಗಟ್ಟಿ ಸೂಟ್‌ಕೇಸ್ ಖಾಲಿಯಿದ್ದಾಗಲೇ 4-5 ಕಿಲೋ ಇರುತ್ತದೆ. ಮಿತಿಗಿಂತ ಒಂದು ಕಿಲೋ ಕಡಿಮೆ ಇಡಿ, ಎರಡು ಯಂತ್ರಗಳ ಅಂಕಿ ಒಂದೇ ಬರಬೇಕೆಂದಿಲ್ಲ.

ಟಿಕೆಟಿನಲ್ಲಿ ಒಂದು ವಿಷಯ ನೋಡಿಕೊಳ್ಳಿ. ಕೆಲವು ಕಂಪನಿಗಳದ್ದು ಒಟ್ಟು ತೂಕದ ಲೆಕ್ಕ, ಕೆಲವರದ್ದು ಬ್ಯಾಗ್ ಎಷ್ಟು, ಒಂದೊಂದಕ್ಕೂ ಮಿತಿ ಎಷ್ಟು ಅನ್ನುವ ಲೆಕ್ಕ. ಎರಡನೆಯದರಲ್ಲಿ ಮಿತಿ 23 ಕಿಲೋ ಆಗಿದ್ದರೆ, ಒಂದು ಬ್ಯಾಗ್ 26, ಇನ್ನೊಂದು 18 ಇದ್ದರೂ 26ರದ್ದಕ್ಕೆ ದುಡ್ಡು ಬೀಳುತ್ತದೆ. ಮತ್ತೆ, 32 ಕಿಲೋ ದಾಟಿದ ಬ್ಯಾಗನ್ನು ಸಾಮಾನ್ಯವಾಗಿ ದುಡ್ಡು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಕೆಳಗೆ ಅದನ್ನು ಎತ್ತಿ ಹಾಕುವವರು ಮನುಷ್ಯರು, ಅವರ ಸೊಂಟದ ಪ್ರಶ್ನೆ. ಅದರಲ್ಲಿ ರಿಯಾಯಿತಿ ಕೇಳಬೇಡಿ.

ಪ್ರಶ್ನೆ: ಶುಲ್ಕ ತಪ್ಪಿಸಲು ಮೂರು ಅಂಗಿ, ಎರಡು ಕೋಟು ಹಾಕಿಕೊಂಡು ಹೋದೆ. ಇದು ತಪ್ಪಾ?

ತಪ್ಪಲ್ಲ, ನಾಚಿಕೆಯೂ ಬೇಡ. ಮೈಮೇಲಿನ ಬಟ್ಟೆಯನ್ನು ಸಾಮಾನ್ಯವಾಗಿ ಬ್ಯಾಗಿನ ತೂಕಕ್ಕೆ ಸೇರಿಸುವುದಿಲ್ಲ. ಭಾರದ ಬೂಟು, ದಪ್ಪ ಕೋಟು ಹಾಕಿಕೊಂಡೇ ಹೋಗಿ. ಭದ್ರತಾ ತಪಾಸಣೆಯಲ್ಲಿ ಕೋಟು, ಬೂಟು ಬಿಚ್ಚಬೇಕಾಗಬಹುದು, ಹತ್ತು ನಿಮಿಷ ಮುಂಚೆ ಹೋಗಿ. ಮಕ್ಕಳಿಗೆ ಮಾತ್ರ ಹೀಗೆ ಮಾಡಬೇಡಿ, ಸೆಖೆಗೆ ಸುಸ್ತಾಗುತ್ತಾರೆ.

ಪ್ರಶ್ನೆ: ಚೆಕ್-ಇನ್ ಶುಲ್ಕ ಉಳಿಸೋಣ ಅಂತ ಕ್ಯಾಬಿನ್ ಬ್ಯಾಗ್ ಮಾತ್ರ ಒಯ್ದೆ. ಗೇಟಿನಲ್ಲಿ ಜಾಗ ಇಲ್ಲ ಅಂತ ಕಿತ್ತುಕೊಂಡು ಕೆಳಗೆ ಕಳಿಸಿದರು. ನನ್ನ ಮಾತ್ರೆ ಅದರಲ್ಲೇ ಇತ್ತು!

ಕೆಳಗೆ ಹೋಗುವ ಬ್ಯಾಗಿಗೆ ದುಡ್ಡು ಅಂದ ಕೂಡಲೇ ಎಲ್ಲರೂ ಬ್ಯಾಗನ್ನು ಮೇಲೆ ತಂದರು. ತಲೆಯ ಮೇಲಿನ ಡಬ್ಬಗಳಲ್ಲಿ ಅಷ್ಟಕ್ಕೆ ಜಾಗ ಇಲ್ಲ. ಕೊನೆಗೆ ಹತ್ತಿದವರ ಬ್ಯಾಗ್ ಕೆಳಗೆ ಹೋಗುತ್ತದೆ. ಜಾಗ ಇಲ್ಲದ ಕಾರಣಕ್ಕೆ ಕಳಿಸಿದರೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ಬ್ಯಾಗ್ ಅಳತೆ ಮೀರಿದ್ದರೆ ಕೇಳುತ್ತಾರೆ.

ಕ್ಯಾಬಿನ್ ಬ್ಯಾಗಿಗೂ ಶುಲ್ಕ ಹಾಕುವ ಕಂಪನಿಗಳಿವೆ. ಸ್ಪಿರಿಟ್ ಏರ್‌ಲೈನ್ಸ್ 2010ರಲ್ಲೇ ಶುರು ಮಾಡಿತ್ತು. ಯುರೋಪಿನ ನ್ಯಾಯಾಲಯ 2014ರಲ್ಲಿ, ಚೆಕ್-ಇನ್ ಬ್ಯಾಗಿಗೆ ಬೇರೆ ದುಡ್ಡು ಕೇಳಬಹುದು, ಆದರೆ ಅಳತೆ, ತೂಕ ಸರಿಯಾಗಿರುವ ಕೈಬ್ಯಾಗ್ ಪ್ರಯಾಣದ ಭಾಗವೇ ಎಂದು ಹೇಳಿತು. 2024ರಲ್ಲಿ ಸ್ಪೇನ್, ಕೈಬ್ಯಾಗಿಗೆ ದುಡ್ಡು ಕೇಳಿದ್ದೂ ಸೇರಿದ ಹಲವು ಕಾರಣಕ್ಕೆ, ಐದು ಕಂಪನಿಗಳಿಗೆ ಒಟ್ಟು 17.9 ಕೋಟಿ ಯುರೋ ದಂಡ ಹಾಕಿತು. ಕಂಪನಿಗಳು ಅದನ್ನು ಒಪ್ಪಿಲ್ಲ. ನನ್ನ ಮನಸ್ಸು ಸ್ಪೇನಿನ ಕಡೆಗೇ ಇದೆ. ಕೈಯಲ್ಲಿ ಏನೂ ಇಲ್ಲದೆ ಯಾರು ಪ್ರಯಾಣ ಮಾಡುತ್ತಾರೆ?

ನಿಮ್ಮ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಕ್ಯಾಬಿನ್ ಬ್ಯಾಗಿನೊಳಗೆ ಒಂದು ಸಣ್ಣ ಚೀಲ ಇಡಿ. ಮಾತ್ರೆ, ಕಾಗದಪತ್ರ, ಕನ್ನಡಕ, ಪವರ್ ಬ್ಯಾಂಕ್ ಎಲ್ಲ ಅದರಲ್ಲಿರಲಿ. ಬ್ಯಾಗ್ ಕೇಳಿದರೆ ಆ ಚೀಲ ಎಳೆದುಕೊಂಡು ಉಳಿದದ್ದನ್ನು ಕೊಡಿ. ಪವರ್ ಬ್ಯಾಂಕ್ ಕೆಳಗೆ ಹೋಗಲೇಬಾರದು, ಅಲ್ಲಿ ಬೆಂಕಿ ಹತ್ತಿದರೆ ಯಾರ ಕೈಗೂ ಎಟುಕುವುದಿಲ್ಲ. 100 ವ್ಯಾಟ್-ಅವರ್ ವರೆಗಿನದ್ದನ್ನು ಕ್ಯಾಬಿನ್ನಿನಲ್ಲಿ ಒಯ್ಯಬಹುದು. 20,000 ಎಂಎಎಚ್ ಅಂದರೆ ಸುಮಾರು 74 ವ್ಯಾಟ್-ಅವರ್.

ಪ್ರಶ್ನೆ: ಬ್ಯಾಗಿಗೆ ದುಡ್ಡೂ ಕೊಟ್ಟೆ, ಬ್ಯಾಗ್ ಎರಡು ದಿನ ತಡವಾಗಿಯೂ ಬಂತು. ಆ ದುಡ್ಡು ವಾಪಸ್ ಸಿಗುತ್ತದಾ?

ಯಾವ ದೇಶದ ನಿಯಮ ಅನ್ನುವುದರ ಮೇಲಿದೆ. ಅಮೆರಿಕದಲ್ಲಿ 2024ರಿಂದ ನಿಯಮ ಹೀಗಿದೆ: ದೇಶದೊಳಗಿನ ಪ್ರಯಾಣದಲ್ಲಿ ವಿಮಾನ ಇಳಿದ 12 ಗಂಟೆಯೊಳಗೆ ಬ್ಯಾಗ್ ತಲುಪದಿದ್ದರೆ ಶುಲ್ಕ ವಾಪಸ್ ಕೊಡಬೇಕು. ವಿದೇಶ ಪ್ರಯಾಣಕ್ಕೆ ಹಾದಿಯ ಉದ್ದ ನೋಡಿ 15 ಅಥವಾ 30 ಗಂಟೆ. ಆದರೆ ಬ್ಯಾಗ್ ಬಂದಿಲ್ಲ ಅಂತ ನೀವು ದೂರು ಕೊಟ್ಟಿರಬೇಕು. ಬೆಲ್ಟ್ ನಿಂತ ಮೇಲೆ ಹೊರಗೆ ಹೋಗಬೇಡಿ. ಅಲ್ಲೇ ಪಿಐಆರ್ ಅನ್ನುವ ದೂರಿನ ಫಾರಂ ಬರೆಸಿ, ಸಂಖ್ಯೆ ಪಡೆದು ಹೊರಡಿ.

ವಿದೇಶ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದವೂ ಇದೆ. ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿದ್ದರೆ ಕೈಗೆ ಬಂದ 21 ದಿನದೊಳಗೆ ಬರವಣಿಗೆಯಲ್ಲೇ ದೂರು ಕೊಡಬೇಕು. ಬಾಯಿಮಾತು ನಡೆಯುವುದಿಲ್ಲ. ಆ ಎರಡು ದಿನ ಕೊಂಡ ಬಟ್ಟೆ, ಹಲ್ಲುಜ್ಜುವ ಬ್ರಷ್ಷಿನ ರಸೀದಿ ಇಟ್ಟುಕೊಂಡಿದ್ದೀರಾ? ಇದ್ದರೆ ಇವತ್ತೇ ಕಳಿಸಿ.

ಪ್ರಶ್ನೆ: ಅಮ್ಮಾ, ನಾನು ಚೆಕ್-ಇನ್ ಕೌಂಟರಿನಲ್ಲಿ ಹೊಸದಾಗಿ ಸೇರಿದ್ದೇನೆ. ಶುಲ್ಕ ನಾನು ಮಾಡಿದ್ದಲ್ಲ, ಬೈಗುಳ ಮಾತ್ರ ನನಗೆ. ಹೇಗೆ ತಡೆದುಕೊಂಡಿರಿ?

ಎಷ್ಟೋ ದಿನ ತಡೆದುಕೊಳ್ಳಲಿಲ್ಲ ಮಗಳೇ, ಊಟದ ಬಿಡುವಿನಲ್ಲಿ ಅತ್ತಿದ್ದೇನೆ. ಓದುಗರೇ, ಇದನ್ನು ನೀವೂ ಓದಿ. ಆ ಹುಡುಗಿಗೆ ಶುಲ್ಕ ಬಿಡುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಕೋಪ ಇದ್ದರೆ ಕಂಪನಿಗೆ ಬರೆಯಿರಿ, ದಿನಾಂಕ, ವಿಮಾನದ ಸಂಖ್ಯೆ ಹಾಕಿ ಬರೆಯಿರಿ.

ನಿನಗೆ ನಾನು ಕಲಿತ ಎರಡು ಕೆಲಸ ಹೇಳುತ್ತೇನೆ. ದುಡ್ಡಿನ ಮಾತು ಎತ್ತುವ ಮೊದಲು ತೂಕದ ಅಂಕಿ ತೋರಿಸು. ಪರದೆ ಅವರ ಕಡೆ ತಿರುಗುವುದಿಲ್ಲ ಅಂದರೆ ಒಂದು ಚೀಟಿಯಲ್ಲಿ ಬರೆದು ಕೊಡು: ಮಿತಿ ಇಷ್ಟು, ಈಗ ಇಷ್ಟು, ತೆಗೆಯಬೇಕಾದ್ದು ಇಷ್ಟು. ಆ ಮರಗೆಲಸದವರು ಮೂರು ಸಲ ಕೇಳಿದ ಮೇಲೆ ನನಗೆ ಹೊಳೆದದ್ದು ಇದು. ಇನ್ನೊಂದು, ಬ್ಯಾಗ್ ಬಿಚ್ಚುವವರನ್ನು ಸಾಲಿನ ಮುಂದೆ ಕೂರಿಸಬೇಡ. ಕೌಂಟರಿನ ಪಕ್ಕಕ್ಕೆ ಕರಿ, "ನಿಧಾನವಾಗಿ ಮಾಡಿ, ಮತ್ತೆ ಸಾಲಿಗೆ ನಿಲ್ಲಬೇಡಿ, ನೇರ ನನ್ನ ಹತ್ತಿರ ಬನ್ನಿ" ಅನ್ನು. ಮೇಜಿನ ಕೆಳಗೆ ಒಂದು ಸುತ್ತು ಟೇಪು, ನಾಲ್ಕು ಬಟ್ಟೆಯ ಚೀಲ ಇಟ್ಟುಕೊ. ನನ್ನ ಮೇಜಿನ ಕೆಳಗೆ ಕೊನೆಯ ದಿನದವರೆಗೂ ಇದ್ದವು.