ಕಾಫ್ ಸ್ಲೈಸರ್: ನೋವು ತಡೆದುಕೊಂಡರೆ ಸಾಕಾ?

ಜಯನಗರದ ಜಿಯು-ಜಿಟ್ಸು ಕ್ಲಾಸ್‌ನಲ್ಲಿ ಟ್ರಕ್ ಪೊಸಿಷನ್‌ನಿಂದ (ಎದುರಾಳಿ ಹಿಂಬದಿಯಿಂದ ನಿಮ್ಮ ಒಂದು ಕಾಲನ್ನು ತನ್ನ ಕಾಲುಗಳಲ್ಲಿ ಸಿಕ್ಕಿಸಿಕೊಂಡ ಸ್ಥಿತಿ) ಕಾಫ್ ಸ್ಲೈಸರ್ ಅನ್ನೋ ಮೀನಖಂಡ ಜಜ್ಜುವ ಪಟ್ಟು ಬಿದ್ದಾಗ ಟ್ಯಾಪ್ ಮಾಡದೆ, ಅಂದರೆ ಕೈ ತಟ್ಟಿ ಸೋಲೊಪ್ಪದೆ, ಇರಬಹುದಾ, ಬರೀ ಮೀನಖಂಡದ ನೋವು ತಾನೇ ಅಂತ ಕೇಳಿದ್ದೀರಿ. ಬೇಡ. ಎದುರಾಳಿಯ ಶಿನ್ ಮೂಳೆ (ಮಂಡಿ ಕೆಳಗಿನ ಮುಂಭಾಗದ ಮೂಳೆ) ನಿಮ್ಮ ಮಂಡಿಯ ಹಿಂದೆ ಅಡ್ಡ ಕೂತಿರುತ್ತದೆ. ಕಾಲು ಮಡಚಿದಷ್ಟೂ ಸ್ನಾಯು ಜಜ್ಜುತ್ತದೆ. ಜೊತೆಗೆ, ಬಾಗಿಲ ಸಂದಿಗೆ ಕಟ್ಟಿಗೆ ಸಿಕ್ಕಿಸಿ ಬಾಗಿಲು ಎಳೆದ ಹಾಗೆ, ಮಂಡಿಯ ಕೀಲೂ ಬಿಡಿಸಿಕೊಳ್ಳುತ್ತದೆ. ಐಬಿಜೆಜೆಎಫ್ (ಅಂತಾರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಒಕ್ಕೂಟ) ನಿಯಮದಲ್ಲಿ ಬ್ರೌನ್ ಬೆಲ್ಟ್‌ಗಿಂತ ಕೆಳಗಿನವರಿಗೆ ಇದಕ್ಕೆ ಅವಕಾಶವೇ ಇಲ್ಲ. ನೀವು ಅದಕ್ಕಿಂತ ಕೆಳಗಿನ ಬ್ಲೂ ಬೆಲ್ಟ್ ಅಲ್ವಾ?

ತಪ್ಪಿಸಿಕೊಳ್ಳುವುದೆಲ್ಲ ಮೊದಲೇ ಆಗಬೇಕು. ಎದುರಾಳಿ ತನ್ನ ಕಾಲುಗಳನ್ನು ತ್ರಿಕೋನವಾಗಿ ಬಿಗಿಯುವ ಮೊದಲೇ ನಿಮ್ಮ ಕಾಲನ್ನು ನೇರ ಮಾಡಿ. ಪಾದ ಅವನ ಕೈಗೆ ಸಿಗಬಾರದು. ಸಿಕ್ಕರೆ ಆ ಕೈಯನ್ನೇ ಬಿಡಿಸಿ. ಹಿಮ್ಮಡಿ ಪೃಷ್ಠದ ಹತ್ತಿರ ಬಂದ ಮೇಲೆ ಒದ್ದಾಡಬೇಡಿ, ಟ್ಯಾಪ್ ಮಾಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಗೇರ್ ಹಾಕೋಕೆ ಎಡಗಾಲು ಬೇಕು!

ನೀವೇ ಈ ಪಟ್ಟು ಹಾಕುವಾಗ ನಿಮ್ಮ ಶಿನ್ ಎದುರಾಳಿಯ ಮೀನಖಂಡದ ಕೆಳಗೆ ಜಾರಿದರೆ ಸುಮ್ನೆ ಶಕ್ತಿ ವ್ಯರ್ಥ. ಮಂಡಿಯ ಹಿಂದೆ ಒತ್ತಾಗಿ ಕೂರಿಸಿ, ಅವನ ಪಾದ ಹಿಡಿದು ನಿಧಾನಕ್ಕೆ ಎಳೆಯಿರಿ. 2012ರಲ್ಲಿ ಚಾರ್ಲ್ಸ್ ಒಲಿವೇರಾ ಯುಎಫ್‌ಸಿ ಅನ್ನೋ ಮಿಶ್ರ ಸಮರಕಲೆ ಸ್ಪರ್ಧೆಯಲ್ಲಿ ಎರಿಕ್ ವೈಸ್ಲಿಯನ್ನು ಸೋಲಿಸಿದ್ದು ಇದೇ ಪಟ್ಟಿನಿಂದ. ಆ ಫೈಟ್ ಸಿಕ್ಕರೆ ನೋಡಿ.